ನಿರ್ವೇದವೋ, ವಿಷಾದವೋ? — ಕಲ್ಯಾಣದ ಸಾಹಿತ್ಯದಲ್ಲಿ ತಾರುಣ್ಯದ ದುಃಖ

೧

ವಚನಸಾಹಿತ್ಯವನ್ನು ಪಾಠ ಹೇಳುವ ಅಧ್ಯಾಪಕರಲ್ಲಿಯೂ ಅದನ್ನು ಕುರಿತು ಬರೆಯುವ ವಿಮರ್ಶಕರಲ್ಲಿಯೂ ಒಂದು ರೂಢಿ ಬೇರೂರಿದೆ. ವಚನಕಾರನು ತನ್ನ ಮನಸ್ಸಿನ ಬೇಗುದಿಯನ್ನು ತೋಡಿಕೊಂಡ ಕಡೆಯಲ್ಲೆಲ್ಲ ‘ಇಲ್ಲಿ ವೈರಾಗ್ಯವು ವ್ಯಕ್ತವಾಗಿದೆ, ಶಾಂತವೇ ರಸ’ ಎಂದು ಒಂದೇ ಮಾತಿನಲ್ಲಿ ನಿರ್ಣಯಿಸಿ ಮುಂದೆ ಸಾಗುವುದೇ ಆ ರೂಢಿ. ವಿದ್ಯಾರ್ಥಿಗಳೂ ಆ ವಾಕ್ಯವನ್ನು ಕಂಠಸ್ಥ ಮಾಡಿ ಉತ್ತರಪತ್ರಿಕೆಯಲ್ಲಿ ಹಾಗೆಯೇ ಒಪ್ಪಿಸುತ್ತಾರೆ. ಈ ನಿರ್ಣಯವು ಶಾಸ್ತ್ರಕ್ಕೆ ಸಮ್ಮತವೇ ಎಂಬುದು ಪ್ರಕೃತ ಲೇಖನದ ವಿಚಾರ.

ಇದು ಕೇವಲ ಪರಿಭಾಷೆಯ ಚರ್ಚೆಯೆಂದು ತೋರಬಹುದು. ಹಾಗಲ್ಲ. ಈ ಪಾಠವನ್ನು ಕೇಳುವವರು ಬಹುಮಟ್ಟಿಗೆ ಹದಿನೆಂಟರಿಂದ ಇಪ್ಪತ್ತೆರಡರೊಳಗಿನ ವಯಸ್ಸಿನವರು. ದುಃಖವೆಲ್ಲವೂ ವೈರಾಗ್ಯದ ಮೊದಲ ಮೆಟ್ಟಿಲೆಂದು ಅವರಿಗೆ ಕಲಿಸಿದರೆ, ಅವರಲ್ಲಿ ನಿಜವಾಗಿ ನೊಂದವನು ತನ್ನ ನೋವನ್ನು ಹೇಳಿಕೊಳ್ಳುವುದಕ್ಕೆ ಬದಲಾಗಿ ಅದನ್ನು ಗುಣವೆಂದು ಭ್ರಮಿಸಿ ಅಡಗಿಸಿಕೊಳ್ಳುವನು. ಆದಕಾರಣ ಹೆಸರಿಡುವುದರಲ್ಲಿ ಆದ ತಪ್ಪು ಇಲ್ಲಿ ಹೆಸರಿನಲ್ಲಿಯೇ ನಿಲ್ಲುವುದಿಲ್ಲ.

೨

ಮೊದಲು ಶಾಸ್ತ್ರವನ್ನು ನೋಡೋಣ. ಭರತಮುನಿಯು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ನಿರ್ವೇದವು ಮೊದಲನೆಯದು. ಅದಕ್ಕೆ ಆತನು ಹೇಳುವ ವಿಭಾವಗಳು ದಾರಿದ್ರ್ಯ, ವ್ಯಾಧಿ, ಅವಮಾನ, ನಿಂದೆ, ಪೆಟ್ಟು, ಇಷ್ಟಜನವಿಯೋಗ ಮುಂತಾದುವು. ತತ್ತ್ವಜ್ಞಾನವು ಈ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಅಂದರೆ ನಿರ್ವೇದವು ಹುಟ್ಟುವ ಬಾಗಿಲುಗಳು ಹಲವು. ಅವುಗಳಲ್ಲಿ ಒಂದು ಮಾತ್ರ ಜ್ಞಾನದ್ದು, ಮಿಕ್ಕವೆಲ್ಲವೂ ಲೋಕದ ಪೆಟ್ಟುಗಳು.

ಮಮ್ಮಟನು ನಿರ್ವೇದವನ್ನು ಶಾಂತಕ್ಕೆ ಸ್ಥಾಯಿಯೆಂದು ಒಪ್ಪಿದುದು ನಿಜ. ಆದರೆ ಅಭಿನವಗುಪ್ತಪಾದರು, ದಾರಿದ್ರ್ಯಾದಿಗಳಿಂದ ಹುಟ್ಟಿದ ನಿರ್ವೇದವನ್ನು ತತ್ತ್ವಜ್ಞಾನದೊಡನೆ ಬೆರಸಬಾರದೆಂದು ವಿವೇಚಿಸಿ, ಶಾಂತದ ಸ್ಥಾಯಿಯು ಆತ್ಮಜ್ಞಾನವೇ ಎಂದು ಸ್ಥಾಪಿಸಿದರು. ಜಗನ್ನಾಥಪಂಡಿತನು ಮತ್ತೂ ಸ್ಪಷ್ಟವಾಗಿ ಹೇಳುತ್ತಾನೆ: ನಿತ್ಯಾನಿತ್ಯವಸ್ತುಗಳ ವಿಚಾರದಿಂದ ಹುಟ್ಟಿದ ನಿರ್ವೇದವು ಸ್ಥಾಯಿ, ಮನೆಯ ಜಗಳ ಮೊದಲಾದುವುಗಳಿಂದ ಹುಟ್ಟಿದುದು ವ್ಯಭಿಚಾರಿ. ಈ ಒಂದು ವಿವೇಕವನ್ನು ನಮ್ಮ ಪಾಠಕ್ರಮವು ಬಿಟ್ಟುಕೊಟ್ಟಿದೆ.

ವಿಷಾದವು ಭರತನಲ್ಲಿ ಪ್ರತ್ಯೇಕವಾದ ಭಾವ. ಕೈಕೊಂಡ ಕಾರ್ಯವು ಕೊನೆಮುಟ್ಟದಿರುವುದೂ ದೈವದ ಪ್ರತಿಕೂಲತೆಯೂ ಅದಕ್ಕೆ ಕಾರಣ. ಅದರ ಅನುಭಾವಗಳನ್ನು ಹೇಳುವಾಗ ಮುನಿಯು ಪಾತ್ರಭೇದವನ್ನು ಮಾಡಿರುವುದು ಮನನೀಯವಾಗಿದೆ. ಉತ್ತಮ ಮಧ್ಯಮ ಪ್ರಕೃತಿಗಳಲ್ಲಿ ವಿಷಾದವು ಸಹಾಯವನ್ನು ಅರಸುವುದು, ಉಪಾಯವನ್ನು ಚಿಂತಿಸುವುದು, ಉತ್ಸಾಹವು ಕುಗ್ಗುವುದು, ನಿಟ್ಟುಸಿರು ಇವುಗಳಿಂದ ತೋರುತ್ತದೆ. ಅಧಮಪ್ರಕೃತಿಯಲ್ಲಿಯಾದರೋ ಗೊತ್ತುಗುರಿಯಿಲ್ಲದ ಓಡಾಟ, ಬಾಯೊಣಗುವುದು, ನಿದ್ರೆ ಇವುಗಳಿಂದ. ಎಂದ ಮೇಲೆ ನೆರವನ್ನು ಬೇಡುವುದು ಅಲ್ಪತನದ ಗುರುತಲ್ಲ, ಉತ್ತಮನ ಲಕ್ಷಣ. ‘ಗಂಡಸಾದವನು ಅಳಬಾರದು, ಓದಿದವನು ಕುಗ್ಗಬಾರದು’ ಎಂದು ಹುಡುಗರ ಬಾಯಿ ಮುಚ್ಚಿಸುವವರು ಶಾಸ್ತ್ರವನ್ನು ತಮ್ಮ ಕಡೆಗೆ ಎಳೆಯುವಂತಿಲ್ಲ.

ವಿಷಾದಕ್ಕೂ ವೈರಾಗ್ಯಕ್ಕೂ ಇರುವ ಅಂತರಕ್ಕೆ ಗೀತೆಯ ಮೊದಲ ಅಧ್ಯಾಯಕ್ಕಿಂತ ಪ್ರಸಿದ್ಧವಾದ ನಿದರ್ಶನ ಬೇಡ. ಅಂಗಗಳು ಸೋತು, ಬಾಯೊಣಗಿ, ಬಿಲ್ಲು ಕೈಜಾರಿದ ಅರ್ಜುನನು ರಾಜ್ಯವೂ ಬೇಡ, ಭಿಕ್ಷೆಯೇ ಲೇಸು ಎಂದು ವಿರಕ್ತನ ಮಾತನ್ನೇ ಆಡುತ್ತಾನೆ. ಶ್ರೀಕೃಷ್ಣನು ಆ ಮಾತಿಗೆ ಮರುಳಾಗಲಿಲ್ಲ. ಅದನ್ನು ಹೃದಯದ ದೌರ್ಬಲ್ಯವೆಂದು ಗುರುತಿಸಿದನು. ಆದರೂ ನೊಂದವನನ್ನು ತೊರೆಯದೆ ಹದಿನೇಳು ಅಧ್ಯಾಯಗಳಷ್ಟು ಕಾಲ ಅವನೊಡನೆ ಮಾತನಾಡಿದನು. ಮಾತು ವಿರಕ್ತಿಯದಾದರೂ ಮನಸ್ಸು ವಿಷಾದದ್ದಾಗಿರಬಹುದೆಂಬುದಕ್ಕೆ ಇದು ಸಾಕು.

೩

ಈ ವಿಚಾರಕ್ಕೆ ಬಸವಕಲ್ಯಾಣ ಹುಮನಾಬಾದಗಳ ಆಡುಮಾತೂ ಸಾಕ್ಷಿ ನುಡಿಯುತ್ತದೆ. ೧೯೪೮ರವರೆಗೆ ನಿಜಾಮ ಸಂಸ್ಥಾನದಲ್ಲಿದ್ದು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಕೂಡಿದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಮನಸ್ಸು ಕುಗ್ಗಿದವನು ಇಲ್ಲಿ ‘ಜೀವಕ್ಕ ಬ್ಯಾಸರಾಗ್ಯಾದ’ ಎನ್ನುತ್ತಾನೆ, ‘ಬೇಜಾರು’ ಎನ್ನುತ್ತಾನೆ, ‘ಉದಾಸ’ ಎಂದೂ ಎನ್ನುತ್ತಾನೆ. ಬೇಸರವು ಕನ್ನಡದ ಹಳೆಯ ನುಡಿ. ಬೇಜಾರು ಪಾರಸಿಯಿಂದ ಬಂದುದು. ಅದರ ಮೂಲಾರ್ಥವು ಒಂದು ವಸ್ತುವಿನಿಂದ ಮನಸ್ಸು ರೋಸಿಹೋಗುವುದು. ಇದು ಭರತನ ವ್ಯಭಿಚಾರಿ ನಿರ್ವೇದಕ್ಕೆ ತೀರ ಹತ್ತಿರವಾದ ಅರ್ಥ.

‘ಉದಾಸ’ ಶಬ್ದದ ಕಥೆಯು ಇನ್ನೂ ವಿಚಾರಾರ್ಹವಾಗಿದೆ. ಸಂಸ್ಕೃತದಲ್ಲಿ ಅದು ದೂರ ಕುಳಿತವನ ನಿರ್ಲಿಪ್ತತೆ. ಮರಾಠಿ ಹಿಂದೂಸ್ಥಾನಿಗಳಲ್ಲಿ ಅದೇ ಶಬ್ದವು ಖಿನ್ನತೆಯನ್ನು ಹೇಳುತ್ತದೆ. ಕನ್ನಡದ ‘ಉದಾಸೀನ’ವು ಅಲಕ್ಷ್ಯಕ್ಕೆ ವಾಚಕವಾಯಿತು. ತರುಣನು ಉದಾಸನೆಂದರೆ ದುಃಖಿತನೆಂದು ಅರ್ಥ; ಪಂಡಿತನು ಅದನ್ನು ನಿರ್ಲಿಪ್ತತೆಯೆಂದು ಕೇಳಿಸಿಕೊಳ್ಳುತ್ತಾನೆ; ಮನೆಯವರು ಅವನ ವಿಷಯದಲ್ಲಿ ಉದಾಸೀನರಾಗುತ್ತಾರೆ. ಒಂದೇ ಧಾತುವಿನಿಂದ ಹೊರಟ ಮೂರು ಅರ್ಥಗಳು ಒಂದೇ ಮನೆಯಲ್ಲಿ ಹೀಗೆ ಪರಸ್ಪರ ಅರಿಯದೆ ವಾಸಿಸುವುದುಂಟು.

೪

ಇನ್ನು ಸಾಹಿತ್ಯಕ್ಕೆ ಬರೋಣ. ಉಡುತಡಿಯನ್ನು ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯು ತರುಣಿಯೆಂಬುದು ಸಂಪ್ರದಾಯಸಿದ್ಧ. ಆಕೆಯ ವಚನಗಳನ್ನೆಲ್ಲ ಒಟ್ಟಾಗಿ ಶಾಂತರಸದವೆನ್ನುವುದು ಸುಲಭ. ಓದಿ ನೋಡಿದರೆ ಅವುಗಳಲ್ಲಿ ಎರಡು ಬಗೆ ಕಾಣುತ್ತದೆ. ಬೆಟ್ಟದ ಮೇಲೆ ಮನೆ ಮಾಡಿದವರು ಮೃಗಗಳಿಗೆ ಅಂಜಲಾಗದೆಂಬ ಭಾವದ ವಚನದಲ್ಲಿ ಸ್ತುತಿನಿಂದೆಗಳ ಸಮತ್ವವಿದೆ. ಅಲ್ಲಿ ಶಾಂತವೆಂದರೆ ಒಪ್ಪತಕ್ಕದ್ದು. ಆದರೆ ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕೂಗಿ ತನ್ನ ದೇವನನ್ನು ಕಂಡಿರಾ ಎಂದು ಕೇಳುವ ವಚನದಲ್ಲಿ ಸಮತ್ವವೆಲ್ಲಿಯದು? ಅದು ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದ ಪುರೂರವನ ಸ್ಥಿತಿಗೆ ಸಮಾನವಾದುದು. ಶಾಸ್ತ್ರದಲ್ಲಿ ಅದರ ಹೆಸರು ಉನ್ಮಾದ.

ಇಲ್ಲಿ ಒಂದು ಆಕ್ಷೇಪವು ಏಳಬಹುದು: ಮಹಾಶರಣೆಯ ಅನುಭಾವವನ್ನು ಉನ್ಮಾದವೆಂದರೆ ಆಕೆಯನ್ನು ರೋಗಿಯೆಂದಂತಾಗದೇ? ಆಗದು. ಅಲಂಕಾರಶಾಸ್ತ್ರದ ಉನ್ಮಾದವು ಸ್ಥಾಯಿಯನ್ನು ಪೋಷಿಸಿ ಅದರಲ್ಲಿಯೇ ಅಡಗುವ ಅಲೆ. ವೈದ್ಯಶಾಸ್ತ್ರದ ಉನ್ಮಾದವು ಬುದ್ಧಿ, ಸ್ಮೃತಿ, ಆಚಾರಗಳನ್ನೇ ಕೆಡಿಸುವ ವ್ಯಾಧಿ. ಅಕ್ಕನ ಅಲೆಗೆ ಆಧಾರವಾದ ಸ್ಥಾಯಿಯು ದೇವವಿಷಯಕವಾದ ರತಿ. ಆ ದುಃಖಕ್ಕೆ ಆಲಂಬನವುಂಟು, ಗತಿಯುಂಟು. ಅದು ಆಕೆಯನ್ನು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆಸಿತು. ಉತ್ಸಾಹವೇ ಉಡುಗಿ, ಹಸಿವು ನಿದ್ರೆಗಳು ಕೆಟ್ಟು, ಆಲಂಬನವೇ ಇಲ್ಲದೆ ಮನಸ್ಸು ಕುಸಿಯುವ ತರುಣರ ಅವಸ್ಥೆಯು ಬೇರೆ. ಶರಣರನ್ನೆಲ್ಲ ರೋಗಿಗಳೆನ್ನುವ ಕೆಲವು ನವೀನರ ವ್ಯಾಖ್ಯಾನವೂ ನೊಂದವರನ್ನೆಲ್ಲ ವಿರಕ್ತರೆನ್ನುವ ನಮ್ಮ ವ್ಯಾಖ್ಯಾನವೂ ಸಮಾನವಾಗಿ ದುಷ್ಟ, ಎರಡರಲ್ಲಿಯೂ ವಿಭಾವಪರೀಕ್ಷೆಯಿಲ್ಲ.

ಶೂನ್ಯಸಂಪಾದನೆಯ ಕ್ರಮವನ್ನು ಇಲ್ಲಿ ನೆನೆಯಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಆ ಗ್ರಂಥವನ್ನು ಹನ್ನೆರಡನೆಯ ಶತಮಾನದ ಸಂಭಾಷಣೆಯ ಯಥಾವತ್ತಾದ ದಾಖಲೆಯೆಂದು ಹಿಡಿಯಲಾಗದು. ಆದರೆ ಅದನ್ನು ವಚನಗಳ ವ್ಯಾಖ್ಯಾನವೆಂದು ಹಿಡಿಯಬಹುದು. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುವು ಒಡನೆಯೇ ಕೊಂಡಾಡುವುದಿಲ್ಲ, ಒಡನೆಯೇ ತಳ್ಳುವುದೂ ಇಲ್ಲ, ನಿಷ್ಠುರವಾಗಿ ಪ್ರಶ್ನಿಸುತ್ತಾನೆ. ಸಂಪಾದನಕಾರನು ಆಕೆಯ ವಚನಗಳನ್ನು ಆ ಪ್ರಶ್ನೆಗಳಿಗೆ ಉತ್ತರಗಳಾಗಿ ಜೋಡಿಸಿದ್ದಾನೆ. ಎಂದರೆ ಆ ಹಳೆಯ ವಿಮರ್ಶಕನ ಮತದಲ್ಲಿ ವೈರಾಗ್ಯವು ಊಹಿಸಿ ಒಪ್ಪುವ ಪದಾರ್ಥವಲ್ಲ. ಕೇಳಿ ತಿಳಿದು ನಿರ್ಣಯಿಸತಕ್ಕದ್ದು.

ಯೋಗವಾಸಿಷ್ಠದ ವೈರಾಗ್ಯಪ್ರಕರಣವೂ ಇದೇ ಮಾರ್ಗದ್ದು. ಹದಿನಾರು ತುಂಬದ ರಾಮನು ತೀರ್ಥಯಾತ್ರೆಯಿಂದ ಮರಳಿ ಊಟ ಉಪಚಾರಗಳಲ್ಲಿ ಆಸೆಯಿಲ್ಲದೆ ಕೃಶನಾಗಿ ಒಬ್ಬನೇ ಕುಳಿತಿರುತ್ತಾನೆ. ಪರಿಚಾರಕರ ಮಾತನ್ನು ಕೇಳಿದ ವಿಶ್ವಾಮಿತ್ರನು ಇದು ಆಪತ್ತಿನಿಂದಾದ ಮೋಹವಲ್ಲ, ವಿವೇಕದಿಂದಾದುದು ಎಂದು ಗುರುತಿಸುತ್ತಾನೆ. ಆದರೂ ಅಷ್ಟಕ್ಕೆ ತೃಪ್ತನಾಗದೆ, ರಾಮನನ್ನು ಕರೆಸಿ ದುಃಖದ ಕಾರಣವನ್ನು ಅವನ ಬಾಯಿಂದಲೇ ಕೇಳುತ್ತಾನೆ. ಬಾಲಕನು ಸಭೆಯ ಮುಂದೆ ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ವಸಿಷ್ಠನ ಉಪದೇಶವು ಆರಂಭವಾಗುವುದಿಲ್ಲ. ಉಪದೇಶಕ್ಕೆ ಮುಂಚೆ ಶ್ರವಣವು ಗುರುವಿನ ಪಾಲಿಗೂ ಉಂಟೆಂಬುದನ್ನು ಆ ಗ್ರಂಥಕಾರನು ಚೆನ್ನಾಗಿ ಬಲ್ಲವನಾಗಿದ್ದನು.

೫

ಹುಮನಾಬಾದಿನ ಮಾಣಿಕಪ್ರಭುಗಳ ಚರಿತ್ರೆಯಲ್ಲಿಯೂ ತಾರುಣ್ಯದ ಒಂದು ಪ್ರಸಂಗವಿದೆ. ೧೮೧೭ರಲ್ಲಿ ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿ ೧೮೬೫ರಲ್ಲಿ ಸಮಾಧಿಸ್ಥರಾದ ಈ ಮಹನೀಯರು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ಕಲ್ಯಾಣದಲ್ಲಿದ್ದ ಸೋದರಮಾವನ ಮನೆಯಲ್ಲಿ ಬೆಳೆದರೆಂದೂ, ಉದ್ಯೋಗದ ವಿಷಯವಾಗಿ ಮಾವನಾಡಿದ ಕಠಿನವಾಕ್ಯದಿಂದ ಮನೆಯನ್ನು ತೊರೆದರೆಂದೂ ಸಂಪ್ರದಾಯದ ಚರಿತ್ರಕಾರರು ಹೇಳುತ್ತಾರೆ. ಪಿತೃವಿಯೋಗ, ಪರಾಶ್ರಯ, ನಿಂದೆ ಇವು ಮೂರೂ ಭರತನ ಪಟ್ಟಿಯ ಜಾತಿಯವೇ; ಜಗನ್ನಾಥನ ‘ಮನೆಯ ಜಗಳ’ಕ್ಕೂ ಇದಕ್ಕಿಂತ ಸಮರ್ಪಕವಾದ ಉದಾಹರಣೆ ದೊರೆಯದು.

ಚರಿತ್ರಕಾರರು ಈ ಪ್ರಸಂಗವನ್ನು ಅವತಾರಪುರುಷರ ವೈರಾಗ್ಯಲೀಲೆಯೆಂದು ವರ್ಣಿಸುವುದು ಭಕ್ತಿಗ್ರಂಥಕ್ಕೆ ಉಚಿತವೇ. ಫಲವನ್ನು ಕಂಡ ಮೇಲೆ ಬೀಜವನ್ನು ಹೊಗಳುವುದು ಲೋಕಸ್ವಭಾವ. ಆದರೆ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಬೇರೆ: ಮನೆ ತೊರೆದವರೆಲ್ಲರೂ ಮಾಣಿಕನಗರವನ್ನು ಕಟ್ಟುವರೇ? ಸಂತರಾದವರ ಚರಿತ್ರೆಯನ್ನು ಬರೆದವರುಂಟು; ಮಾವನ ಮಾತಿನಿಂದ, ಪರೀಕ್ಷೆಯ ಸೋಲಿನಿಂದ, ಕೆಲಸ ದೊರೆಯದ ಅವಮಾನದಿಂದ ಮನೆ ಬಿಟ್ಟು ಹಾಳಾದ ತರುಣರ ಚರಿತ್ರೆಯನ್ನು ಬರೆದವರಿಲ್ಲ. ಬದುಕಿ ಬೆಳಗಿದ ಒಬ್ಬರನ್ನು ತೋರಿಸಿ ನೊಂದವರೆಲ್ಲರಿಗೂ ಅದೇ ಗತಿಯೆಂದು ಸೂಚಿಸುವುದು ಅತಿವ್ಯಾಪ್ತಿದೋಷ.

೬

ಇನ್ನೊಂದು ಪೂರ್ವಪಕ್ಷವುಂಟು. ರಸವು ಅಲೌಕಿಕ, ವಿದ್ಯಾರ್ಥಿಯ ಲೌಕಿಕ ದುಃಖಕ್ಕೂ ಕಾವ್ಯಪಾಠಕ್ಕೂ ಸಂಬಂಧವೇನು? ಇದಕ್ಕೆ ಸಮಾಧಾನವನ್ನು ಅಭಿನವಗುಪ್ತರೇ ಹೇಳಿದ್ದಾರೆ. ಅವರು ಎಣಿಸಿದ ಏಳು ರಸವಿಘ್ನಗಳಲ್ಲಿ, ಸಾಮಾಜಿಕನು ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗುವುದೂ ಒಂದು. ತನ್ನ ನೋವಿನಲ್ಲಿ ಮುಳುಗಿದವನಿಗೆ ಅಕ್ಕನ ವಚನವು ಸಾಧಾರಣೀಕೃತವಾಗಿ ತೋರದು. ಅದು ಅವನ ಗಾಯಕ್ಕೆ ತಾಗಿದ ಕೈಯಾಗುವುದು. ಆದುದರಿಂದ ಕೇಳುವವನ ಮನಃಸ್ಥಿತಿಯನ್ನು ಅರಿಯುವುದು ದಯೆಯ ಕೆಲಸವಷ್ಟೇ ಅಲ್ಲ, ಕಾವ್ಯಪಾಠದ ಅಂಗವೂ ಅಹುದು. ಮರಣವನ್ನು ಕಾವ್ಯದಲ್ಲಿ ಸಾಕ್ಷಾತ್ತಾಗಿ ವರ್ಣಿಸಬಾರದೆಂಬ ಆಲಂಕಾರಿಕರ ನಿಷೇಧವನ್ನೂ ಇದರೊಡನೆ ಸೇರಿಸಿ ಓದಬೇಕು. ತರುಣರ ಆತ್ಮಹತ್ಯೆಯನ್ನು ತ್ಯಾಗದ ಬಣ್ಣ ಹಚ್ಚಿ ವರ್ಣಿಸುವ ಕಥೆಗಾರರೂ ವೃತ್ತಪತ್ರಿಕೆಗಳೂ ಆ ಔಚಿತ್ಯವನ್ನು ಕಲಿಯತಕ್ಕದ್ದು.

ಈ ಎಚ್ಚರಿಕೆಯು ಈಗ ಏಕೆ ಬೇಕೆಂಬುದಕ್ಕೆ ಅಂಕಿಗಳೇ ಸಾಕ್ಷಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫–೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡ ೧೦.೬ ಮಂದಿ ಮಾನಸಿಕ ವ್ಯಾಧಿಗೆ ಗುರಿಯಾಗಿದ್ದುದು ಕಂಡುಬಂದಿತು. ಅವರಲ್ಲಿ ಬಹುಭಾಗಕ್ಕೆ ಚಿಕಿತ್ಸೆಯೇ ದೊರೆತಿರಲಿಲ್ಲ. ೨೦೨೨ರ ಒಂದೇ ವರ್ಷದಲ್ಲಿ ದೇಶದಲ್ಲಿ ೧೩,೦೪೪ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ. ೨೦೧೭ರ ಮಾನಸಿಕ ಆರೋಗ್ಯ ಶಾಸನವು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಬೇಕೆಂದೂ, ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ವಿಧಿಸಿದೆ. ೨೦೨೨ರಲ್ಲಿ ಆರಂಭವಾದ ಟೆಲಿ–ಮಾನಸ್ ಎಂಬ ಸರ್ಕಾರಿ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಯಾರು ಬೇಕಾದರೂ ದೂರವಾಣಿಯ ಮೂಲಕ ತಮ್ಮ ಸಂಕಟವನ್ನು ಹೇಳಿಕೊಳ್ಳಬಹುದು.

ಇದೆಲ್ಲವೂ ಪಾಶ್ಚಾತ್ಯರ ಹೊಸ ಕಲ್ಪನೆಯೆಂದು ಹಿರಿಯರು ಮೂಗು ಮುರಿಯಬೇಕಾದುದಿಲ್ಲ. ರೋಗವನ್ನು ಬೆಳೆಸುವುವುಗಳಲ್ಲಿ ವಿಷಾದವೇ ಅಗ್ರಗಣ್ಯವೆಂದು ಚರಕಸಂಹಿತೆಯೇ ಸಾರಿದೆ. ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಭಾಗಿಸಿ, ದೈವವ್ಯಪಾಶ್ರಯ ಯುಕ್ತಿವ್ಯಪಾಶ್ರಯಗಳ ಜೊತೆಗೆ ಸತ್ತ್ವಾವಜಯವನ್ನು, ಎಂದರೆ ಮನಸ್ಸನ್ನು ಅಹಿತವಿಷಯಗಳಿಂದ ಹಿಂದೆಗೆಯಿಸುವ ಕ್ರಮವನ್ನು, ಪ್ರತ್ಯೇಕವಾಗಿ ಹೇಳಿದೆ. ಹರಕೆ ಹೊತ್ತರೆ ಸಾಕು, ವೈದ್ಯನು ಬೇಡ ಎಂಬ ಪಕ್ಷಕ್ಕೆ ಅಲ್ಲಿ ಆಧಾರವಿಲ್ಲ; ಮೂರೂ ಒಂದಕ್ಕೊಂದು ಪೂರಕವಾಗಿ ನಿಂತಿವೆ.

೭

ಸಂಗ್ರಹವಾಗಿ ಹೇಳುವುದಾದರೆ: ವಚನದಲ್ಲಿಯಾಗಲಿ ವಿದ್ಯಾರ್ಥಿಯಲ್ಲಿಯಾಗಲಿ ದುಃಖವನ್ನು ಕಂಡ ಕೂಡಲೆ ಅದಕ್ಕೆ ವೈರಾಗ್ಯವೆಂದು ಹೆಸರಿಡಬಾರದು. ವಿಭಾವವಾವುದು, ಆಲಂಬನವುಂಟೇ, ಉತ್ಸಾಹವು ಉಳಿದಿದೆಯೇ, ಅಲೆಯು ಯಾವ ಸ್ಥಾಯಿಯಲ್ಲಿ ಅಡಗುತ್ತದೆ ಎಂಬೀ ನಾಲ್ಕನ್ನು ಮೊದಲು ವಿಚಾರಿಸಬೇಕು. ವಚನದ ಪಾಠದಲ್ಲಿ ಈ ವಿಚಾರವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ, ತಮ್ಮ ಬೇಸರಕ್ಕೆ ಸರಿಯಾದ ಹೆಸರನ್ನು ಹುಡುಕುವ ಅಭ್ಯಾಸವೂ ಅವರಿಗೆ ತಾನಾಗಿ ಬರುವುದು. ಪಾಠವಾದ ಮೇಲೆ ತಡೆದು ನಿಂತ ವಿದ್ಯಾರ್ಥಿಯನ್ನು ಅಧ್ಯಾಪಕನು ಅವಸರದಿಂದ ಕಳುಹಿಸದೆ ಕೇಳಬೇಕು. ಕೇಳಿದುದು ತನ್ನ ಶಕ್ತಿಗೆ ಮೀರಿದುದಾದರೆ ಉಪದೇಶಕ್ಕೆ ತೊಡಗದೆ ವೈದ್ಯನಲ್ಲಿಗೆ ಜೊತೆಗೂಡಿ ಹೋಗಬೇಕು. ಪಠ್ಯಪುಸ್ತಕಗಳ ಟಿಪ್ಪಣಿಗಳನ್ನು ಬರೆಯುವ ವಿದ್ವಾಂಸರು ‘ಶಾಂತರಸ’ವೆಂಬ ಏಕಪದದ ನಿರ್ಣಯವನ್ನು ಬಿಟ್ಟು, ವಚನವಚನಕ್ಕೂ ಭಾವವನ್ನು ಬೇರೆಬೇರೆಯಾಗಿ ಪರೀಕ್ಷಿಸಿ ಬರೆಯಬೇಕೆಂದು ಪ್ರಾರ್ಥನೆ. ಆ ಕಾರ್ಯವನ್ನು ಬಸವಣ್ಣನವರ ಆತ್ಮನಿಂದೆಯ ವಚನಗಳಿಂದ ಆರಂಭಿಸಬಹುದು. ದೈನ್ಯ, ಗ್ಲಾನಿ, ವಿಷಾದಗಳು ಅಲ್ಲಿ ಎಷ್ಟು ಸೂಕ್ಷ್ಮವಾಗಿ ಬೇರ್ಪಟ್ಟಿವೆಯೆಂಬುದು ಇನ್ನೊಂದು ಲೇಖನಕ್ಕೆ ಯೋಗ್ಯವಾದ ವಿಷಯ.