ಯೀಸ್ಟ್ ಮತ್ತು ಪಾರಿವಾಳ ಬರೆದ ನಕ್ಷೆ

ಪಿಯುಸಿ ಜೀವಶಾಸ್ತ್ರದ ಉಸಿರಾಟದ ಪಾಠದಲ್ಲಿ ಪುಟದ ಮೇಲ್ತುದಿಗೆ ಗ್ಲೂಕೋಸ್ ಇರುತ್ತದೆ. ಅಲ್ಲಿಂದ ಗ್ಲೈಕಾಲಿಸಿಸ್‌ನ ಹತ್ತು ಹಂತ ಇಳಿದರೆ ಪೈರುವೇಟ್, ಆಮೇಲೆ ಕ್ರೆಬ್ಸ್ ಚಕ್ರ, ಕೊನೆಗೆ ಇಂಗಾಲದ ಡೈಆಕ್ಸೈಡ್. ಕಿಣ್ವಗಳ ಹೆಸರು ಸಾಲಾಗಿ ಬರೆದವರಿಗೆ ಪೂರ್ತಿ ಅಂಕ. ಬೀದರ್ ಪಕ್ಕದ ಜನವಾಡದ ಕಡೆ ಬೆಳೆಯುವ ಕಬ್ಬು, ಜೋಳ, ಮೇಯುವ ದೇವಣಿ ದನಗಳನ್ನು ಈ ಚಿತ್ರದ ಎದುರಿಗಿಟ್ಟರೆ ಅದರ ಇತಿಮಿತಿ ಗೊತ್ತಾಗುತ್ತದೆ. ಚಿತ್ರ ಸುಳ್ಳಲ್ಲ. ಈ ಜೀವಿಗಳ ಕೋಶಗಳಲ್ಲೂ ಆ ಹಂತಗಳೆಲ್ಲ ಇವೆ. ತಕರಾರು ಇರುವುದು ಒಂದೇ ದಿಕ್ಕನ್ನು ಜೀವಲೋಕದ ದಿಕ್ಕೆಂದು ಕಲಿಸುವ ಪರಂಪರೆಯ ಬಗ್ಗೆ.

ಆ ಪರಂಪರೆಯ ಸಾಧನೆ ಸಣ್ಣದಲ್ಲ. ಹುದುಗುವಿಕೆಗೆ ಜೀವಂತ ಕೋಶವೇ ಬೇಕೆಂಬ ಪಾಸ್ಚರ್ ಕಾಲದ ನಂಬಿಕೆಯನ್ನು 1897ರಲ್ಲಿ ಎಡ್ವರ್ಡ್ ಬುಕ್ನರ್ ಮುರಿದ. ಯೀಸ್ಟನ್ನು ಅರೆದು ಹಿಂಡಿದ ರಸವೂ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆಂದು ತೋರಿಸಿದ. ಎಂಬ್ಡನ್, ಮೇಯರ್‌ಹಾಫ್, ಪಾರ್ನಸ್ ಮುಂತಾದವರು ಸ್ನಾಯುವಿನಲ್ಲೂ ಯೀಸ್ಟಿನಲ್ಲೂ ಗ್ಲೂಕೋಸ್ ಒಡೆಯುವ ದಾರಿ ಹೆಚ್ಚುಕಡಿಮೆ ಒಂದೇ ಎಂದು ಕಂಡುಕೊಂಡರು. 1937ರಲ್ಲಿ ಹಾನ್ಸ್ ಕ್ರೆಬ್ಸ್ ಪಾರಿವಾಳದ ಎದೆಯ ಸ್ನಾಯುವನ್ನು ಅರೆದು ಸಿಟ್ರಿಕ್ ಆಮ್ಲದ ಚಕ್ರವನ್ನು ಜೋಡಿಸಿದ. ಜೀವವೆಂಬ ಒಗಟಿನ ಒಂದು ಭಾಗ ಹೀಗೆ ಅಳೆಯಬಲ್ಲ ರಸಾಯನವಾಯಿತು.

ಆದರೆ ಆರಿಸಿಕೊಂಡ ಜೀವಿಗಳನ್ನು ಗಮನಿಸಬೇಕು. ಯೀಸ್ಟು ಸಕ್ಕರೆಯನ್ನು ಒಡೆದು ಬದುಕುತ್ತದೆ. ಹಾರುವ ಹಕ್ಕಿಯ ಸ್ನಾಯು ಇಂಧನ ಸುಡುವುದರಲ್ಲಿ ನಿಸ್ಸೀಮ. ಒಡೆಯುವವರನ್ನೇ ಕೇಳಿ ಬರೆದ ನಕ್ಷೆಯಲ್ಲಿ ಒಡೆಯುವ ದಾರಿಯೇ ಹೆದ್ದಾರಿಯಾಯಿತು. ಕಟ್ಟುವ ದಾರಿಗೆ ಬೇರೆ ಅಧ್ಯಾಯ.

ಕಬ್ಬಿನ ಎಲೆಯಲ್ಲಿ ನಡೆಯುವುದೇ ಬೇರೆ. ಎಲೆಯ ನಡುಪದರದ (ಮೀಸೋಫಿಲ್) ಕೋಶದಲ್ಲಿ ಫಾಸ್ಫೊಈನಾಲ್‌ಪೈರುವೇಟ್ ಎಂಬ ಮೂರು ಇಂಗಾಲದ ಅಣುವಿಗೆ ಗಾಳಿಯಿಂದ ಬಂದ ಇಂಗಾಲ ಸೇರಿ ಆಕ್ಸಲೋಅಸಿಟೇಟ್ ಆಗುತ್ತದೆ. ಅದು ಮ್ಯಾಲೇಟ್ ಆಗಿ ನಾಳದ ಸುತ್ತಲಿನ ಕೋಶಕ್ಕೆ ಸಾಗಿ ಅಲ್ಲಿ ಇಂಗಾಲದ ಡೈಆಕ್ಸೈಡನ್ನು ಇಳಿಸುತ್ತದೆ. ಬಿಸಿಲೇರಿದಾಗ ಆಮ್ಲಜನಕವನ್ನೂ ಹಿಡಿದು ನಷ್ಟ ಮಾಡಿಕೊಳ್ಳುವ ರುಬಿಸ್ಕೊ ಕಿಣ್ವ ಆ ದಟ್ಟಣೆಯಲ್ಲಿ ಸರಿಯಾಗಿ ದುಡಿಯುತ್ತದೆ. ಹವಾಯಿಯ ಕಬ್ಬಿನ ಸಂಶೋಧಕರು 1965ರಲ್ಲಿ ಪ್ರಕಟಿಸಿದ ಇದರ ಸುಳಿವನ್ನು ಮರುವರ್ಷ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ದಾರಿಯಾಗಿ ಬಿಡಿಸಿದರು. ಜೋಳವೂ ಇದೇ ಬಗೆಯದು. ಪಕ್ಕದ ಹೊಲದ ತೊಗರಿ, ಸೋಯಾ ಇಂಗಾಲವನ್ನು ನೇರವಾಗಿ ರುಬಿಸ್ಕೊಗೇ ಒಪ್ಪಿಸುತ್ತವೆ.

ಇನ್ನು ಆ ಜೋಳದ ಕಣಕಿ ತಿನ್ನುವ ಹಸು. ಅದರ ಕರುಳಿಗೆ ಗ್ಲೂಕೋಸ್ ತಲುಪುವುದೇ ಅಪರೂಪ. ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ನಾರನ್ನು ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಮಾಡಿಬಿಡುತ್ತವೆ. ಪ್ರೊಪಿಯೋನೇಟ್ ಯಕೃತ್ತಿನಲ್ಲಿ ಕ್ರೆಬ್ಸ್ ಚಕ್ರದ ನಡುವೆ ನುಗ್ಗಿ ಆಕ್ಸಲೋಅಸಿಟೇಟ್ ಆಗುತ್ತದೆ, ಅಲ್ಲಿಂದ ಫಾಸ್ಫೊಈನಾಲ್‌ಪೈರುವೇಟ್, ಕೊನೆಗೆ ಗ್ಲೂಕೋಸ್. ಹಾಲಿನ ಸಕ್ಕರೆಗೆ ಮೂಲ ಈ ಗ್ಲೂಕೋಸೇ. ಫಾಸ್ಫೊಈನಾಲ್‌ಪೈರುವೇಟ್ ಮತ್ತು ಆಕ್ಸಲೋಅಸಿಟೇಟ್ ನಡುವೆ ಕಬ್ಬು ದಾಟಿದ ಅದೇ ಸಂದನ್ನು ಹಸು ಎದುರು ದಿಕ್ಕಿನಿಂದ, ಬೇರೊಂದು ಕಿಣ್ವ ಹಿಡಿದು ದಾಟುತ್ತದೆ. ಹೆಚ್ಚು ಹಾಲು ಕೊಡುವ ಹಸುವಿಗೆ ಕರು ಹಾಕಿದ ಮೊದಲ ವಾರಗಳಲ್ಲಿ ಗ್ಲೂಕೋಸ್ ಸಾಲದೆ, ಕರಗಿದ ಮೈಕೊಬ್ಬು ಕೀಟೋನ್‌ಗಳಾಗಿ ರಕ್ತ ತುಂಬುವುದು ಪಶುವೈದ್ಯರಿಗೆ ಪರಿಚಿತವಾದ ಕೀಟೋಸಿಸ್ ಕಾಯಿಲೆ. ಗ್ಲೂಕೋಸನ್ನು ಆರಂಭವೆಂದಷ್ಟೇ ಕಲಿತ ವಿದ್ಯಾರ್ಥಿಗೆ ಈ ಕಾಯಿಲೆ ಅರ್ಥವಾಗುವುದು ಕಷ್ಟ.

ದೋಷವನ್ನು ಮೂಲಪುರುಷರ ಮೇಲೆ ಹೊರಿಸಿದರೆ ಅನ್ಯಾಯವಾದೀತು. ಸಾವಯವ ಆಹಾರದ ಮೇಲೆ ಬದುಕುವ ಬ್ಯಾಕ್ಟೀರಿಯಾ ಕೂಡ ಇಂಗಾಲದ ಡೈಆಕ್ಸೈಡನ್ನು ಮೈಗೂಡಿಸಿಕೊಳ್ಳುತ್ತದೆಂದು ವುಡ್ ಮತ್ತು ವರ್ಕ್‌ಮನ್ 1930ರ ದಶಕದಲ್ಲೇ ಹೇಳಿದ್ದರು. ಕ್ರೆಬ್ಸ್ ಸ್ವತಃ 1960ರ ದಶಕದಲ್ಲಿ ಗ್ಲೂಕೋಸ್ ಕಟ್ಟುವ ದಾರಿಯನ್ನು, ಹಸುವಿನ ಕೀಟೋಸಿಸನ್ನು ಅಧ್ಯಯನ ಮಾಡಿದ. ಸಂಶೋಧಕ ಮುಂದೆ ಹೋದ, ಪಠ್ಯ 1937ರಲ್ಲೇ ನಿಂತಿತು.

ಇನ್ನೊಂದು ಹಠವೂ ಉಳಿದಿದೆ. ಇಡೀ ದಾರಿಯ ವೇಗವನ್ನು ಯಾವುದೋ ಒಂದು ಕಿಣ್ವ ನಿರ್ಧರಿಸುತ್ತದೆಂಬ ಪಾಠ ಅದು. ನಿಯಂತ್ರಣ ಅನೇಕ ಕಿಣ್ವಗಳಲ್ಲಿ ಹಂಚಿಹೋಗಿರುತ್ತದೆಂದು ಕ್ಯಾಕ್ಸರ್ ಮತ್ತು ಬರ್ನ್ಸ್ 1973ರಲ್ಲೇ ಗಣಿತದಿಂದ ವಾದಿಸಿದರು. 1980ರ ದಶಕದಲ್ಲಿ ಯೀಸ್ಟಿನೊಳಗೆ, ಮುಖ್ಯವೆಂದು ಹೆಸರಾದ ಫಾಸ್ಫೊಫ್ರಕ್ಟೊಕೈನೇಸನ್ನು ಹಲವು ಪಟ್ಟು ಹೆಚ್ಚಿಸಿದರೂ ಆಲ್ಕೋಹಾಲ್ ತಯಾರಿಯ ವೇಗ ಹೆಚ್ಚಲಿಲ್ಲ. ಕಾಕಂಬಿಯಿಂದ ಎಥನಾಲ್ ತೆಗೆಯುವ ಉದ್ಯಮಕ್ಕೆ ಇದು ನೇರ ಸಂಬಂಧಪಟ್ಟ ಮಾತು.

ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಸಕ್ಕರೆ ಕಾರ್ಖಾನೆಗಳಿವೆ, ಸುತ್ತ ಕಬ್ಬು, ಜೋಳ, ತೊಗರಿಯ ಹೊಲಗಳಿವೆ. ಇಲ್ಲಿಯ ಪಾಠ ಆಕ್ಸಲೋಅಸಿಟೇಟಿನಿಂದ ಶುರುವಾಗಲಿ: ಅದಕ್ಕೆ ಇಂಗಾಲ ಎಲ್ಲೆಲ್ಲಿಂದ ಬರುತ್ತದೆ, ಯಾವ ಜೀವಿಯಲ್ಲಿ, ಯಾವ ಹೊತ್ತಿಗೆ, ಯಾವ ಕಡೆ ಹೋಗುತ್ತದೆ ಎಂದು ಕೇಳಲಿ. ಗ್ಲೈಕಾಲಿಸಿಸ್‌ನ ಹತ್ತು ಹೆಸರುಗಳು ಆಮೇಲೆ ಬಂದರೂ ನಷ್ಟವಿಲ್ಲ. ಪರೀಕ್ಷೆಯಲ್ಲಿ ಹೆಸರಿಗಿಂತ ದಿಕ್ಕಿಗೆ ಅಂಕ ಕೊಡುವ ಧೈರ್ಯ ಬಂದರೆ ಬುಕ್ನರ್, ಕ್ರೆಬ್ಸ್ ಪರಂಪರೆಗೆ ಅದೇ ಸರಿಯಾದ ಮರ್ಯಾದೆ. ಅವರು ಪ್ರಯೋಗಕ್ಕೆ ಕೈಗೆ ಸಿಕ್ಕ ಜೀವಿಯನ್ನು ಪ್ರಶ್ನೆ ಕೇಳಿದರು. ನಾವು ಅವರ ಉತ್ತರವನ್ನಷ್ಟೇ ನಕಲು ಮಾಡುತ್ತಿದ್ದೇವೆ.