ಹದಿಮೂರಕ್ಕೇ ನಿಂತ ಕಥೆ

ಪತ್ರಿಕೆ ಬಂದೊಡನೆ ಪದಬಂಧದ ಪುಟ ತೆರೆಯುವವಳು ನಾನು. ಅದಕ್ಕೇ ಇರಬೇಕು, ‘ರೂಬಿಕಾನ್’ ಎಂಬ ಅಮೆರಿಕದ ಧಾರಾವಾಹಿ ನನ್ನನ್ನು ಹಿಡಿದು ಕೂರಿಸಿತು. ನ್ಯೂಯಾರ್ಕಿನ ಒಂದು ಗುಪ್ತಚರ ಕಚೇರಿ. ಅಲ್ಲಿನ ವಿಲ್ ಟ್ರಾವರ್ಸ್ ಹಲವು ಪತ್ರಿಕೆಗಳ ಪದಬಂಧಗಳಲ್ಲಿ ಒಂದೇ ಗುಟ್ಟು ಅಡಗಿರುವುದನ್ನು ಕಂಡು ತನ್ನ ಹಿರಿಯ ಡೇವಿಡ್‌ಗೆ ತೋರಿಸುತ್ತಾನೆ. ಸ್ವಲ್ಪದರಲ್ಲೇ ಡೇವಿಡ್ ರೈಲು ಅಪಘಾತದಲ್ಲಿ ಸಾಯುತ್ತಾನೆ. ಅವನು ವಿಲ್‌ನ ಮಾವನೂ ಹೌದು. ವಿಲ್‌ನ ಹೆಂಡತಿ, ಮಗಳು 2001ರ ಸೆಪ್ಟೆಂಬರ್ 11ರ ದಾಳಿಯಲ್ಲೇ ಹೋಗಿದ್ದಾರೆ.

ಪಿಸ್ತೂಲಿನ ಆರ್ಭಟ ಇಲ್ಲಿ ಕಡಿಮೆ. ಕಡತ ಓದುವುದೇ ಇವರ ಕೆಲಸ. ಒಂದು ಕಂತಿನಲ್ಲಿ ಮೂವರು ಕೋಣೆಯೊಳಗೆ ಕುಳಿತು, ದೂರದೇಶದ ಒಬ್ಬ ಭಯೋತ್ಪಾದಕನ ಮೇಲೆ ಬಾಂಬು ಹಾಕಬಹುದೇ ಎಂದು ತೀರ್ಮಾನಿಸಬೇಕು. ಅಕ್ಕಪಕ್ಕದಲ್ಲಿ ಅಮಾಯಕರೂ ಇದ್ದಾರು. ಕಾಗದದ ಮೇಲೆ ಒಂದು ‘ಹೌದು’, ಅಷ್ಟೇ. ಆಮೇಲೆ ಮನೆಗೆ ಹೋಗಬೇಕಲ್ಲ! ಮೈಲ್ಸ್‌ಗೆ ನಿದ್ದೆಯಿಲ್ಲ, ತಾನ್ಯಾ ಕುಡಿತಕ್ಕೆ ಬಿದ್ದಿದ್ದಾಳೆ. ಒಂದು ಅಂಕ ಕಡಿಮೆ ಹಾಕಿ ಹುಡುಗಿಯೊಬ್ಬಳನ್ನು ನಪಾಸು ಮಾಡಿ ರಾತ್ರಿಯೆಲ್ಲ ಹೊರಳಾಡಿದ ನನಗೆ ಅವರ ಮುಖಗಳು ಅರ್ಥವಾದವು.

ಖಳನಾಯಕ ಸ್ಪ್ಯಾಂಗ್ಲರ್ ಇದೇ ಕಚೇರಿಯ ಮೆತ್ತನೆ ಮಾತಿನ ಮುಖ್ಯಸ್ಥ. ಮೈಕೆಲ್ ಕ್ರಿಸ್ಟೋಫರ್ ಆ ಪಾತ್ರದಲ್ಲಿ ದನಿಯೇರಿಸದೆಯೇ ಹೆದರಿಸುತ್ತಾರೆ.

ದೋಷವಿಲ್ಲವೆಂದಲ್ಲ. ಮೊದಲ ಕಂತುಗಳು ಎತ್ತಿನಗಾಡಿಯಂತೆ ಸಾಗುತ್ತವೆ, ಕೊನೆಗೆ ಗಂಟು ಬಿಚ್ಚುವಾಗ ಆತುರ. 2010ರ ಆಗಸ್ಟಿನಲ್ಲಿ ಆರಂಭವಾದ ಇದನ್ನು ನೋಡುವವರು ಸಾಲದೆಂದು ಎಎಂಸಿ ವಾಹಿನಿ ಅದೇ ನವೆಂಬರಿನಲ್ಲಿ ಕೈಬಿಟ್ಟಿತು. ಕೊನೆಯ ಕಂತಿನಲ್ಲಿ ವಿಲ್ ಮಹಡಿಯ ಮೇಲೆ ಸ್ಪ್ಯಾಂಗ್ಲರನ ಎದುರು ಸತ್ಯವನ್ನೆಲ್ಲ ಇಡುತ್ತಾನೆ. ಇದು ಯಾರಿಗೆ ಬೇಕಾಗಿದೆ ಎಂಬಂತೆ ಅವನು ಕೇಳುತ್ತಾನೆ. ಉತ್ತರ ಹೇಳಬೇಕಾಗಿದ್ದ ಎರಡನೆಯ ಭಾಗ ಬರಲೇ ಇಲ್ಲ.