ಹಸಿರಿನಲ್ಲೇ ಸೊರಗುವ ಮಗು

ಅಂಗನವಾಡಿಯ ತೂಕದ ಪಟ್ಟಿಗೆ ದೊಡ್ಡ ಹೆಸರಿದೆ. ಓದು ಬರಹ ಬಾರದ ತಾಯಿಗೂ ಅರ್ಥವಾಗುತ್ತದೆ, ಖರ್ಚು ಕಡಿಮೆ, ಮಗು ಸೊರಗುವುದನ್ನು ಮೊದಲೇ ಹಿಡಿಯುತ್ತದೆ ಎಂದು ಹೊಗಳುತ್ತಾರೆ. ಮೊದಲ ಎರಡು ಮಾತಿಗೆ ನನ್ನ ತಕರಾರಿಲ್ಲ. ಮೂರನೆಯದು, ನಾವು ಆ ಪಟ್ಟಿಯನ್ನು ಬಳಸುತ್ತಿರುವ ರೀತಿಗೆ ಸಲ್ಲದ ಹೊಗಳಿಕೆ.

ಕರ್ನಾಟಕದಲ್ಲಿ 1975ರಲ್ಲಿ ತಿ. ನರಸೀಪುರದಿಂದ ಆರಂಭವಾದ ಅಂಗನವಾಡಿ ಯೋಜನೆ, 2008ರಲ್ಲಿ ಭಾರತ ಅಳವಡಿಸಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡ, ಅಂಗನವಾಡಿಯ ದಾಖಲೆಗಳಿಗಾಗಿ 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್: ಪಟ್ಟಿಯ ಚರಿತ್ರೆ ಇಷ್ಟು. ಮರೆತುಹೋಗಿರುವುದು ಪಟ್ಟಿಯ ಮೂಲ ಆಶಯ. ನೈಜೀರಿಯಾದ ಇಮೆಸಿ ಹಳ್ಳಿಯಲ್ಲಿ ಮಕ್ಕಳ ವೈದ್ಯ ಡೇವಿಡ್ ಮೋರ್ಲಿ ಇಂಥ ಪಟ್ಟಿಯನ್ನು ರೂಪಿಸಿದಾಗ ಅವರಿಗೆ ಮುಖ್ಯವಾಗಿದ್ದದ್ದು ತಿಂಗಳು ತಿಂಗಳಿನ ತೂಕವನ್ನು ಜೋಡಿಸುವ ಗೆರೆಯ ದಿಕ್ಕು. ಮಗು ಪಟ್ಟಿಯ ಯಾವ ಬಣ್ಣದ ಪಟ್ಟೆಯಲ್ಲಿದೆ ಎನ್ನುವುದಕ್ಕಿಂತ, ಗೆರೆ ಏರುತ್ತಿದೆಯೇ, ಮಲಗಿದೆಯೇ, ಇಳಿಯುತ್ತಿದೆಯೇ ಎಂದು ನೋಡಬೇಕಿತ್ತು. ನಾವು ಗೆರೆಯನ್ನು ಬಿಟ್ಟು ಬಣ್ಣವನ್ನು ಹಿಡಿದೆವು.

ಇದರ ಪರಿಣಾಮವನ್ನು ಪಟ್ಟಿಯಲ್ಲೇ ನೋಡಬಹುದು. ಒಂದು ಗಂಡು ಮಗು ಮೊದಲ ಹುಟ್ಟುಹಬ್ಬದ ದಿನ 9.6 ಕಿಲೋ ತೂಗುತ್ತದೆ ಎಂದುಕೊಳ್ಳಿ. ಆ ವಯಸ್ಸಿಗೆ ಮಾನದಂಡದ ಮಧ್ಯದ ತೂಕ, ಪಟ್ಟಿಯ ನಡುಗೆರೆ, ಸರಿಯಾಗಿ ಅದೇ. ಎರಡು ತುಂಬಿದಾಗ ನಡುಗೆರೆ 12.2 ಕಿಲೋದಲ್ಲಿರುತ್ತದೆ, ಕಡಿಮೆ ತೂಕದ ಹಳದಿ ಪಟ್ಟೆ ಶುರುವಾಗುವುದು 9.7 ಕಿಲೋಗಿಂತ ಕೆಳಗೆ. ಮಗು ಈಗ 9.8 ಕಿಲೋ ಇದ್ದರೆ? ಹಸಿರು. ಎರಡೂವರೆ ಕಿಲೋಗೂ ಹೆಚ್ಚು ಕೂಡಬೇಕಿದ್ದ ವರ್ಷದಲ್ಲಿ ಬರೀ 200 ಗ್ರಾಂ ಕೂಡಿದೆ. ತಿಂಗಳಿಗೊಮ್ಮೆ ತೂಗಿ ಬರೆದರೂ ತಿಂಗಳ ಲೆಕ್ಕದಲ್ಲಿ ಆ ಮಗು ‘ಸಾಮಾನ್ಯ’. ಹಳದಿಗೆ ಇಳಿಯುವವರೆಗೆ ಯಾರೂ ಗಾಬರಿಯಾಗುವುದಿಲ್ಲ. ಇಳಿಯುವ ಹೊತ್ತಿಗೆ ಬೆಳವಣಿಗೆಯ ಅತಿ ಮುಖ್ಯ ವರ್ಷವೊಂದು ಕಳೆದಿರುತ್ತದೆ.

ತೂಗುವ ಕೆಲಸವನ್ನೂ ನೋಡಬೇಕು. ಎರಡನೆಯ ವರ್ಷದಲ್ಲಿ ಮಗು ತಿಂಗಳಿಗೆ ಕೂಡುವುದು ಸುಮಾರು 200 ಗ್ರಾಂ. ಮುಳ್ಳಿನ ತಕ್ಕಡಿಯಾದರೆ ಅದು ತೋರಿಸುವುದು ನೂರು ನೂರು ಗ್ರಾಂ ಲೆಕ್ಕ. ಮಗು ಅಳುತ್ತಾ ಕೈಕಾಲು ಬಡಿದರೆ, ಸ್ವೆಟರ್ ತೆಗೆಯದಿದ್ದರೆ, ಈಗಷ್ಟೇ ಉಂಡು ಬಂದಿದ್ದರೆ ಆ 200 ಗ್ರಾಂ ಅಲ್ಲೇ ಮುಚ್ಚಿಹೋಗುತ್ತದೆ. ಒಂದು ತಿಂಗಳ ಅಂಕಿಯನ್ನು ನಂಬಲಾಗದು. ಮೂರು ನಾಲ್ಕು ತಿಂಗಳ ಗೆರೆಯನ್ನು ನಂಬಬಹುದು, ಅದನ್ನೇ ನಾವು ಓದುತ್ತಿಲ್ಲ.

ತೂಕ ಏರಿದಾಗಲೂ ಪಟ್ಟಿ ಪೂರ್ತಿ ಸತ್ಯ ಹೇಳುವುದಿಲ್ಲ. ಎರಡು ವರ್ಷಕ್ಕೆ 79 ಸೆಂಟಿಮೀಟರ್ ಎತ್ತರವಿದ್ದು 12.2 ಕಿಲೋ ತೂಗುವ ಗಂಡು ಮಗು ಗಿಡ್ಡ. ಆ ಎತ್ತರಕ್ಕೆ ಇರಬೇಕಾದ್ದಕ್ಕಿಂತ ಸುಮಾರು ಎರಡು ಕಿಲೋ ಜಾಸ್ತಿ. ಆದರೂ ಪಟ್ಟಿಯಲ್ಲಿ ನಡುಗೆರೆಯ ಮೇಲೆ ಕೂರುತ್ತದೆ. ಬೇಳೆ, ಮೊಟ್ಟೆ, ಹಾಲು ಕೊಳ್ಳಲಾಗದ ಮನೆಯಲ್ಲಿ ಹೊಟ್ಟೆ ತುಂಬಿಸುವುದು ಅನ್ನ ಮತ್ತು ಐದು ರೂಪಾಯಿಯ ಬಿಸ್ಕತ್ತು. ತೂಕ ಕೂಡಬಹುದು, ಎತ್ತರ ಕೂಡದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಗಿಡ್ಡ. ಟ್ರ್ಯಾಕರ್‌ನಲ್ಲಿ ಈಗ ಎತ್ತರವನ್ನೂ ದಾಖಲಿಸುತ್ತಾರೆ, ಅದು ಒಳ್ಳೆಯದೇ. ಅಲ್ಲೂ ಮಗುವನ್ನು ಒಂದು ವರ್ಗಕ್ಕೆ ಸೇರಿಸುವುದೇ ಮುಖ್ಯವಾಗಿದೆ.

ಇಲ್ಲಿ ಮಾನದಂಡದ ವಿಮರ್ಶಕರ ಜೊತೆ ಜಗಳ ಅನಿವಾರ್ಯ. ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ 2013ರಲ್ಲಿ, ಭಾರತದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವೇ ಹೊಂದುವುದಿಲ್ಲ, ನಮ್ಮ ಅಪೌಷ್ಟಿಕತೆ ಉತ್ಪ್ರೇಕ್ಷೆ ಎಂದು ವಾದಿಸಿದರು. ಎದುರಾಳಿಗಳು ಸಾಲುಗಟ್ಟಿ ಉತ್ತರ ಕೊಟ್ಟರು. ಮಾನದಂಡಕ್ಕಾಗಿ ಅಳೆದ ಆರು ದೇಶಗಳ ಮಕ್ಕಳಲ್ಲಿ ದಕ್ಷಿಣ ದೆಹಲಿಯ ಅನುಕೂಲಸ್ಥ ಮನೆಗಳ ಮಕ್ಕಳೂ ಇದ್ದರು, ಅವರು ಓಸ್ಲೋದ ಮಕ್ಕಳಂತೆಯೇ ಬೆಳೆದರು. ನನಗೆ ಈ ಉತ್ತರವೇ ಸರಿ ಎನಿಸುತ್ತದೆ. ಆದರೆ ಎರಡೂ ಕಡೆಯವರು ಕಾದಾಡಿದ್ದು ಗಡಿಗೆರೆ ಎಲ್ಲಿರಬೇಕು ಎಂಬುದರ ಬಗ್ಗೆ. ಗಡಿಯನ್ನು ಒಂದು ಕಿಲೋ ಕೆಳಗೆ ಎಳೆದರೂ, ವರ್ಷಕ್ಕೆ 200 ಗ್ರಾಂ ಕೂಡಿದ ಮಗು 200 ಗ್ರಾಮನ್ನೇ ಕೂಡಿರುತ್ತದೆ. ಯಾವ ವಂಶವಾಹಿಯೂ ಅದನ್ನು ಸಮರ್ಥಿಸದು.

‘ತಾಯಿಗೆ ತಿಳಿವಳಿಕೆ ಇಲ್ಲ’ ಎನ್ನುವ ಇನ್ನೊಂದು ಪಂಗಡದ ಮೇಲೆ ನನಗೆ ಹೆಚ್ಚು ಸಿಟ್ಟು. ಗೆರೆ ಮಲಗಿದರೆ ತಾಯಿಗೆ ಬುದ್ಧಿವಾದ, ಜೊತೆಗೊಂದು ‘ಪುಷ್ಟಿ’ ಪೂರಕ ಆಹಾರದ ಪೊಟ್ಟಣ. ಆದರೆ ಕೂಲಿ ಸಿಗದ ವಾರಗಳಲ್ಲಿ ಮೊದಲು ಖಾಲಿಯಾಗುವುದು ಅವಳ ತಟ್ಟೆ. ತಾನು ಉಪವಾಸವಿದ್ದು ಮಗುವಿಗೆ ಉಣಿಸುತ್ತಾಳೆ. ಹಾಗಾಗಿ ಮಗುವಿನ ತೂಕ ಮನೆಯ ಹಸಿವನ್ನು ಬಹಳ ತಡವಾಗಿ ಹೇಳುತ್ತದೆ. ಆ ಹಸಿವನ್ನು ಕೇಳಿ ತಿಳಿಯುವ ದಾರಿ ಇಲ್ಲದಿಲ್ಲ. ಅಮೆರಿಕದಲ್ಲಿ 1995ರಿಂದ 2024ರವರೆಗೆ ಹದಿನೆಂಟು ಪ್ರಶ್ನೆಗಳಲ್ಲಿ ಮನೆಯ ಆಹಾರದ ಕೊರತೆಯನ್ನು ಅಳೆಯುತ್ತಿದ್ದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅದನ್ನು ಎಂಟಕ್ಕೆ ಇಳಿಸಿದೆ: ಊಟ ಸಾಲದೆಂಬ ಚಿಂತೆ ಇತ್ತೇ, ಒಂದು ಹೊತ್ತು ಬಿಟ್ಟಿರಾ, ಮನೆಯಲ್ಲಿ ದಿನಸಿ ಮುಗಿದಿತ್ತೇ, ಇಂಥವು.

ತೀವ್ರವಾಗಿ ಸೊರಗಿದ ಮಗುವನ್ನು ಗುರುತಿಸಿ ಚಿಕಿತ್ಸೆಗೆ ಕಳಿಸುವುದಕ್ಕೆ ಬಣ್ಣ ನೆರವಾಗುತ್ತದೆ, ಅದರಿಂದ ಜೀವಗಳು ಉಳಿದಿವೆ. ಮೊದಲೇ ಹಿಡಿಯುವ ಕೀರ್ತಿ ಅದಕ್ಕೆ ಸಲ್ಲದು. ಗೆರೆ ಮೂರು ತಿಂಗಳು ಮಲಗಿದರೆ, ಹಸಿರಿನಲ್ಲೇ ಇರಲಿ, ಅಂಗನವಾಡಿ ಕಾರ್ಯಕರ್ತೆ ಆ ಎಂಟು ಪ್ರಶ್ನೆ ಕೇಳಬೇಕು. ಉತ್ತರ ಬಂದ ಮೇಲೆ ಆ ಮನೆಗೆ ಪಡಿತರ, ಮೊಟ್ಟೆ, ಕೂಲಿ ತಲುಪಿಸುವ ಹೊಣೆಯನ್ನು ಇಲಾಖೆ ಹೊರಬೇಕು. ಅಲ್ಲಿಯವರೆಗೆ ಆ ಪಟ್ಟಿ ಮಗುವನ್ನು ಕಾಯುವುದಿಲ್ಲ, ದಾಖಲಿಸುತ್ತದೆ ಅಷ್ಟೆ.